‘ಹೊಸ ತಳಿ’ ಎಂದು ಬರೆಯುವ ಮುನ್ನ: ವೈರಸ್ ಬದಲಾವಣೆಯ ಮಾತುಗಳನ್ನು ಬಿಡಿಸಿ ಓದುವುದು

ಶಿವಮೊಗ್ಗದ ಒಂದು ಪತ್ರಿಕೆಯಲ್ಲಿ ಸುದ್ದಿ ತಿದ್ದುವ ಕೆಲಸದಲ್ಲಿದ್ದಾಗ ನಾನೊಂದು ಶೀರ್ಷಿಕೆ ಕೊಟ್ಟಿದ್ದೆ: ‘ಮಂಗನ ಕಾಯಿಲೆಗೆ ಹೊಸ ತಳಿ’. ಒಳಗಿದ್ದ ವಿಷಯ ಇಷ್ಟೇ. ವೈರಸ್‌ನ ಹಳೆಯ ಮಾದರಿಗೂ ಈಚಿನ ಮಾದರಿಗೂ ಕೆಲವು ಕಡೆ ವ್ಯತ್ಯಾಸ ಇದೆ ಎಂದು ಯಾರೋ ಹೇಳಿದ್ದರು. ಮಾರನೆಯ ದಿನ ಸಾಗರದ ಕಡೆಯ ವೈದ್ಯರೊಬ್ಬರು ಫೋನ್ ಮಾಡಿದರು. “ಏನ್ರೀ ಇದು? ಹೊಸ ತಳಿ ಬಂದಿದೆಯಂತೆ, ಹಚ್ಚಿಕೊಳ್ಳೋ ಎಣ್ಣೆ ಇನ್ನು ನಡೆಯಲ್ವಂತೆ ಅಂತ ಬೆಳಿಗ್ಗೆಯಿಂದ ಜನ ಕೇಳ್ತಿದ್ದಾರೆ. ಎಣ್ಣೆ ಹಚ್ಚೋದು ರೋಗ ಹರಡೋ ಉಣುಗು ಹತ್ತದ ಹಾಗೆ. ಅದಕ್ಕೂ ವೈರಸ್‌ನ ತಳಿಗೂ ಏನು ಸಂಬಂಧ?”

ಸಂಬಂಧವೇನೂ ಇರಲಿಲ್ಲ. ಇದ್ದದ್ದು ನನ್ನ ಅವಸರ ಮತ್ತು ಎರಡಕ್ಷರದ ಒಂದು ಮಾತು. ‘ತಳಿ’ ಶೀರ್ಷಿಕೆಗೆ ಚೆನ್ನಾಗಿ ಹಿಡಿಸುತ್ತದೆ, ಅದೇ ತೊಂದರೆ.

ಅಂದಿನಿಂದ ಇಂಥ ಸುದ್ದಿ ಬಂದಾಗ ನಾನು ಕೆಲವು ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಕೇಳಿಕೊಳ್ಳುತ್ತೇನೆ. ಅವುಗಳನ್ನೇ ಇಲ್ಲಿ ಬರೆದಿದ್ದೇನೆ. ಸುದ್ದಿ ಬರೆಯುವವರಿಗೆ, ಶಾಲೆಯಲ್ಲಿ ಪಾಠ ಮಾಡುವವರಿಗೆ, ಮನೆಯ ವಾಟ್ಸಾಪ್ ಗುಂಪಿನಲ್ಲಿ ಉತ್ತರ ಕೊಡಬೇಕಾದವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಕೇಳಿ: ಯಾವುದಕ್ಕೆ ಹೋಲಿಸಿದ್ದಾರೆ?

ಬದಲಾಗಿದೆ ಎಂದರೆ ಯಾವುದಕ್ಕಿಂತ ಬದಲಾಗಿದೆ? ಪ್ರಯೋಗಾಲಯದವರು ಒಂದು ಮಾದರಿಯನ್ನು ಅಳತೆಗೋಲಿನ ಹಾಗೆ ಇಟ್ಟುಕೊಂಡಿರುತ್ತಾರೆ. ಇಂಗ್ಲಿಷಿನಲ್ಲಿ ರೆಫರೆನ್ಸ್ ಎನ್ನುತ್ತಾರೆ. ಕೋವಿಡ್ ವೈರಸ್‌ಗೆ ಅದು ವುಹಾನ್‌ನಿಂದ ಮೊದಲಿಗೆ ಸಿಕ್ಕ ಒಂದು ಮಾದರಿ, 29,903 ಅಕ್ಷರಗಳ ಉದ್ದದ್ದು. ಅಕ್ಷರ ಎಂದರೆ ಇಲ್ಲಿ ವೈರಸ್‌ನ ವಂಶವಾಹಿ ಬರಹದ (ಜೀನೋಮ್) ಒಂದೊಂದು ರಾಸಾಯನಿಕ ಘಟಕ. ಮಂಗನ ಕಾಯಿಲೆಗೆ 1957ರಲ್ಲಿ ಸಿಕ್ಕ ಪಿ9605 ಎಂಬ ಮಾದರಿಯ ಜೊತೆ ಹೋಲಿಸುವುದು ರೂಢಿ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಜನರಿಗೂ ಜ್ವರ ಬರುತ್ತಿದೆ ಎಂದು ಗೊತ್ತಾದದ್ದು ಆ ವರ್ಷವೇ. ಈ ವೈರಸ್‌ನ ಉದ್ದ ಸುಮಾರು 11 ಸಾವಿರ ಅಕ್ಷರ.

ಅಳತೆಗೋಲಿನ ಮಾದರಿ ಪರಿಪೂರ್ಣ ಎಂದೇನೂ ಅಲ್ಲ. ಮೊದಲು ಕೈಗೆ ಸಿಕ್ಕಿತು, ಅಷ್ಟೇ. 1957ರ ಮಾದರಿಗೂ ಈಚಿನದಕ್ಕೂ ವ್ಯತ್ಯಾಸ ಇದೆ ಎಂದರೆ ಅದರಲ್ಲಿ ಗಾಬರಿಯ ಸಂಗತಿ ಏನೂ ಇಲ್ಲ. ಇಷ್ಟು ವರ್ಷ ಉಣುಗು, ಇಲಿ, ಮಂಗ ಎಂದು ಸುತ್ತಿದ ವೈರಸ್ ಇದ್ದ ಹಾಗೇ ಇದ್ದಿದ್ದರೆ ಆಶ್ಚರ್ಯ ಪಡಬೇಕಿತ್ತು.

ಆಮೇಲೆ: ಯಾವ ಬಗೆಯ ಬದಲಾವಣೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇದು ಗೊತ್ತಾದರೆ ಉಳಿದದ್ದೆಲ್ಲ ಸಲೀಸು.

ವೈರಸ್‌ನ ಬರಹವನ್ನು ಮೂರು ಮೂರು ಅಕ್ಷರಗಳಾಗಿ ಓದಬೇಕು. ಒಂದೊಂದು ಮೂರಕ್ಷರವೂ ಒಂದು ಅಮಿನೋ ಆಮ್ಲವನ್ನು ಸೂಚಿಸುತ್ತದೆ. ಅಂಥವು ಸಾಲಾಗಿ ಸೇರಿದರೆ ಪ್ರೋಟೀನ್. ಇದನ್ನು ಅರ್ಥ ಮಾಡಿಸಲು ನಾನೊಂದು ವಾಕ್ಯ ಮಾಡಿಕೊಂಡಿದ್ದೇನೆ. ಎಲ್ಲ ಪದಗಳೂ ಮೂರಕ್ಷರದವು:

ಅಡಿಕೆ ಮುಗಿಸಿ ಬರುವೆ ಅಕ್ಕಯ್ಯ.

ಈಗ ‘ಕೆ’ ಹೋಗಿ ‘ಗೆ’ ಬಂತು ಎನ್ನಿ. ‘ಅಡಿಗೆ ಮುಗಿಸಿ ಬರುವೆ ಅಕ್ಕಯ್ಯ.’ ಒಂದೇ ಅಕ್ಷರ, ಆದರೆ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವಳು ಒಲೆಯ ಮುಂದೆ ಹೋಗಿ ನಿಂತಳು. ಒಂದರ ಜಾಗದಲ್ಲಿ ಇನ್ನೊಂದು ಬರುವುದನ್ನು ಸಬ್‌ಸ್ಟಿಟ್ಯೂಷನ್ ಎನ್ನುತ್ತಾರೆ. ಕನ್ನಡದಲ್ಲಿ ‘ಅಕ್ಷರ ಬದಲಿ’ ಎಂದರೆ ಸಾಕು.

ಇನ್ನೊಂದು ನೋಡಿ. ‘ಅಡಿಗೆ’ ಹೋಗಿ ‘ಅಡುಗೆ’ ಆಯಿತು. ಇಲ್ಲೂ ಒಂದಕ್ಷರ ಬದಲಾಗಿದೆ. ಅರ್ಥ? ಅದೇ ಸಾರು, ಅದೇ ಅನ್ನ. ವೈರಸ್‌ನಲ್ಲೂ ಹೀಗೇ ಆಗುತ್ತದೆ. ಅಕ್ಷರ ಬದಲಾದರೂ ಅದೇ ಅಮಿನೋ ಆಮ್ಲ ಬರುತ್ತದೆ. ಇದನ್ನು ಸಿನಾನಿಮಸ್ ಅಥವಾ ಮೌನ ಬದಲಾವಣೆ ಎನ್ನುತ್ತಾರೆ. ಅಕ್ಷರಗಳ ಮಟ್ಟದಲ್ಲಿ ಇಷ್ಟು ಬದಲಾವಣೆ ಎಂದು ಎಣಿಸಿ ಸುದ್ದಿ ಮಾಡುವಾಗ, ಅದರಲ್ಲಿ ಎಷ್ಟು ‘ಅಡಿಗೆ–ಅಡುಗೆ’ ಎಂದು ಯಾರೂ ಕೇಳುವುದಿಲ್ಲ.

ಒಳ್ಳೆಯ ಉದಾಹರಣೆ ನಮ್ಮ ಮಂಗನ ಕಾಯಿಲೆಯಲ್ಲೇ ಇದೆ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್‌ಖುರ್ಮಾ ಎಂಬ ವೈರಸ್ ಸಿಕ್ಕಿತು. ನೋಡಿದರೆ ಅದು ಕ್ಯಾಸನೂರಿನ ವೈರಸ್‌ನ ಹತ್ತಿರದ ನೆಂಟ. ಅಕ್ಷರ ಹಿಡಿದು ಹೋಲಿಸಿದರೆ ಎರಡಕ್ಕೂ ಸುಮಾರು ಶೇ 8ರಷ್ಟು ವ್ಯತ್ಯಾಸ. ಪ್ರೋಟೀನ್ ಹಿಡಿದು ಹೋಲಿಸಿದರೆ ಸುಮಾರು ಶೇ 3 ಮಾತ್ರ. ನಡುವಿನ ಅಂತರಕ್ಕೆ ಕಾರಣ ಮೌನ ಬದಲಾವಣೆಗಳು. ಹಾಗಾಗಿ ‘ಶೇ ಇಷ್ಟು ಬದಲಾಗಿದೆ’ ಎಂದು ಬರೆಯುವಾಗ ಅಕ್ಷರದ ಲೆಕ್ಕವೋ ಪ್ರೋಟೀನ್ ಲೆಕ್ಕವೋ ಎಂದು ಹೇಳಲೇಬೇಕು.

ಮೂರನೆಯ ಬಗೆ, ಅಕ್ಷರ ಬಿಟ್ಟುಹೋಗುವುದು. ಡಿಲೀಷನ್. ನಮ್ಮ ವಾಕ್ಯದಲ್ಲಿ ‘ಡಿ’ ಒಂದನ್ನೇ ಬಿಟ್ಟು, ಮತ್ತೆ ಮೂರು ಮೂರಾಗಿ ಓದಿ: ‘ಅಕೆಮು ಗಿಸಿಬ ರುವೆಅ ಕ್ಕಯ್ಯ’. ಪೂರ್ತಿ ಹಾಳು. ಇಂಥ ಏಟು ಬಿದ್ದ ವೈರಸ್ ಸಾಮಾನ್ಯವಾಗಿ ಬದುಕುವುದಿಲ್ಲ, ನಮ್ಮ ಕೈಗೆ ಸಿಗುವುದೂ ಇಲ್ಲ. ಆದರೆ ಮೂರು ಅಕ್ಷರ ಒಟ್ಟಿಗೆ ಬಿಟ್ಟುಹೋದರೆ? ‘ಮುಗಿಸಿ ಬರುವೆ ಅಕ್ಕಯ್ಯ.’ ಮಾತು ಗಿಡ್ಡವಾಯಿತು, ಓದಲು ಅಡ್ಡಿಯಿಲ್ಲ. ಕೋವಿಡ್‌ನ ಆಲ್ಫಾ ಎಂಬ ಬಗೆಯಲ್ಲಿ ಆದದ್ದು ಇಂಥದ್ದೇ. ವೈರಸ್‌ನ ಹೊರಮೈಯಲ್ಲಿ ಮುಳ್ಳಿನ ಹಾಗಿರುವ ಸ್ಪೈಕ್ ಪ್ರೋಟೀನ್‌ನ 69 ಮತ್ತು 70ನೇ ಜಾಗಗಳು ಇಲ್ಲವಾಗಿದ್ದವು, ಎಂದರೆ ಆರು ಅಕ್ಷರ ಹೋಗಿತ್ತು. ಸ್ಪೈಕ್‌ನ ಅದೇ ಜಾಗವನ್ನು ಹುಡುಕುತ್ತಿದ್ದ ಕೆಲವು ಪಿಸಿಆರ್ ಕಿಟ್‌ಗಳಲ್ಲಿ ಮೂರು ಗುರುತುಗಳ ಪೈಕಿ ಒಂದು ಕಾಣದೇ ಹೋಯಿತು. ಜಾಣ ಪ್ರಯೋಗಾಲಯದವರು ಆ ‘ಕಾಣದಿರುವುದನ್ನೇ’ ಆಲ್ಫಾ ಇರಬಹುದು ಎಂಬ ಸುಳಿವಾಗಿ ಬಳಸಿದರು. ಅಕ್ಷರ ಹೆಚ್ಚಾಗಿ ಸೇರಿಕೊಳ್ಳುವುದೂ ಉಂಟು, ಅದು ಇನ್ಸರ್ಷನ್. ಲೆಕ್ಕ ಅದೇ.

ಡಿ614ಜಿ ಎಂದು ಬರೆದಿದ್ದರೆ ಓದುವುದು ಹೇಗೆ?

ಹೆದರಬೇಡಿ. ಇದು ಬಸ್ಸಿನ ನಂಬರಿಗಿಂತ ಸುಲಭ. ಮೊದಲ ಅಕ್ಷರ ಹಿಂದೆ ಏನಿತ್ತು ಎಂದು ಹೇಳುತ್ತದೆ. ಅಂಕಿ ಜಾಗ ಹೇಳುತ್ತದೆ. ಕೊನೆಯ ಅಕ್ಷರ ಈಗ ಏನಿದೆ ಎಂದು ಹೇಳುತ್ತದೆ. ಡಿ ಎಂದರೆ ಆಸ್ಪಾರ್ಟಿಕ್ ಆಮ್ಲ, ಜಿ ಎಂದರೆ ಗ್ಲೈಸಿನ್. ಕೋವಿಡ್‌ನ ಸ್ಪೈಕ್ ಪ್ರೋಟೀನ್‌ನ 614ನೇ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ ಹೋಗಿ ಗ್ಲೈಸಿನ್ ಬಂದಿದೆ. 2020ರಲ್ಲೇ ಈ ಬದಲಾವಣೆ ಇದ್ದ ವೈರಸ್ ಪ್ರಪಂಚದ ಹೆಚ್ಚಿನ ಕಡೆ ಹರಡಿತ್ತು.

ಇದೇ ಬದಲಾವಣೆಯನ್ನು ಕೆಲವರು ಎ23403ಜಿ ಎಂದೂ ಬರೆಯುತ್ತಾರೆ. ಎರಡು ಬೇರೆ ಬದಲಾವಣೆ ಎಂದುಕೊಂಡು ಎಣಿಸಿಬಿಡಬೇಡಿ. ಎರಡನೆಯದು ಇಡೀ ವೈರಸ್‌ನ 29,903 ಅಕ್ಷರಗಳ ಸಾಲಿನಲ್ಲಿ 23,403ನೆಯದು ಎಂಬ ಲೆಕ್ಕ. ಅಲ್ಲಿನ ‘ಎ’ ಅಡಿನಿನ್. ಪ್ರೋಟೀನ್ ಲೆಕ್ಕದಲ್ಲಿ ‘ಎ’ ಎಂದರೆ ಅಲನಿನ್. ‘ಜಿ’ ಕೂಡ ಹಾಗೇ, ಅಲ್ಲಿ ಗ್ವಾನಿನ್, ಇಲ್ಲಿ ಗ್ಲೈಸಿನ್. ಅಕ್ಷರ ಒಂದೇ, ಸಂಸಾರ ಬೇರೆ. ಅಂಕಿ ತುಂಬ ದೊಡ್ಡದಿದ್ದರೆ ಇಡೀ ವೈರಸ್‌ನ ಲೆಕ್ಕವಿರಬೇಕು ಎಂದು ಅಂದಾಜು ಮಾಡಬಹುದು. ಆದರೆ ಅಂದಾಜಿಗಿಂತ ಯಾವ ಪ್ರೋಟೀನ್ ಎಂದು ಮುಂದೆ ಬರೆದಿದೆಯೇ ನೋಡುವುದು ಒಳ್ಳೆಯದು.

ಬರೆದಿದ್ದರೆ ಹೀಗಿರುತ್ತದೆ: ಇ1:ಎ226ವಿ. ಇದು ಚಿಕೂನ್‌ಗುನ್ಯಾದ್ದು. ಇ1 ಎಂಬ ಪ್ರೋಟೀನ್‌ನ 226ನೇ ಜಾಗದಲ್ಲಿ ಅಲನಿನ್ ಹೋಗಿ ವ್ಯಾಲಿನ್ ಬಂದಿದೆ. ತೋಟ ಇರುವ ಮಲೆನಾಡಿನವರು ಇದೊಂದನ್ನು ನೆನಪಿಟ್ಟುಕೊಳ್ಳಬೇಕು. ಚಿಕೂನ್‌ಗುನ್ಯಾ ಹರಡುವುದರಲ್ಲಿ ಹೆಚ್ಚು ಹೆಸರಾದದ್ದು ಊರೊಳಗಿನ ಸೊಳ್ಳೆ, ಏಡಿಸ್ ಈಜಿಪ್ಟೈ. ಈ ಒಂದು ಬದಲಾವಣೆ ಬಂದ ಮೇಲೆ ವೈರಸ್ ಅದರ ದಾಯಾದಿಯಾದ ಏಡಿಸ್ ಆಲ್ಬೊಪಿಕ್ಟಸ್‌ನ ಮೈಯಲ್ಲೂ ಚೆನ್ನಾಗಿ ಬೆಳೆಯತೊಡಗಿತು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2005–06ರಲ್ಲಿ, ಕೇರಳದಲ್ಲಿ 2007ರಲ್ಲಿ ಇದು ಕಂಡಿತು. ಆಲ್ಬೊಪಿಕ್ಟಸ್ ತೋಟದ ಸೊಳ್ಳೆ. ಬಿದ್ದ ಅಡಿಕೆ ಹಾಳೆಯಲ್ಲಿ ಒಂದು ಲೋಟ ಮಳೆನೀರು ನಿಂತರೆ ಸಾಕು, ಅಲ್ಲೇ ಮೊಟ್ಟೆ ಇಡುತ್ತದೆ. ಸಾವಿರಾರು ಅಕ್ಷರಗಳಲ್ಲಿ ಒಂದು ಬದಲಾಗಿ, ರೋಗ ಊರಿನಿಂದ ತೋಟಕ್ಕೆ ಕಾಲಿಟ್ಟಿತು. ಬದಲಾವಣೆಗಳ ಸಂಖ್ಯೆ ಹಿಡಿದು ಭಯಪಡುವುದೂ ಸರಿಯಲ್ಲ, ನಿರಾಳವಾಗುವುದೂ ಸರಿಯಲ್ಲ.

ಬದಲಾವಣೆ ಬೇರೆ, ಅದನ್ನು ಹೊತ್ತ ವೈರಸ್ ಬೇರೆ

ಮ್ಯುಟೇಶನ್ ಎಂದರೆ ಬದಲಾವಣೆ. ವೇರಿಯಂಟ್ ಎಂದರೆ ಅಂಥ ಬದಲಾವಣೆಗಳನ್ನು ಹೊತ್ತ ವೈರಸ್. ಕನ್ನಡ ಪತ್ರಿಕೆಗಳಲ್ಲಿ ರೂಪಾಂತರ, ರೂಪಾಂತರಿ ಎಂಬ ಜೋಡಿ ಬಳಕೆಗೆ ಬಂದಿದೆ. ಒಳ್ಳೆಯ ಜೋಡಿ. ಆದರೆ ಕೊನೆಯ ‘ಇ’ಕಾರ ಅಚ್ಚಿನಲ್ಲಿ ಎಷ್ಟು ಸಲ ಜಾರಿಹೋಗಿದೆಯೋ ದೇವರಿಗೇ ಗೊತ್ತು. ‘ಡಿ614ಜಿ ರೂಪಾಂತರಿ’ ಎಂದಾಗ ಒಂದು ಬದಲಾವಣೆಯನ್ನೇ ವೈರಸ್ ಮಾಡಿದ ಹಾಗಾಯಿತು. ಒಂದು ಮಚ್ಚೆಗೆ ಆಧಾರ್ ಕಾರ್ಡ್ ಮಾಡಿಸಿದ ಹಾಗೆ.

2021ರ ಮಾರ್ಚ್‌ನಲ್ಲಿ ‘ಡಬಲ್ ಮ್ಯೂಟೆಂಟ್’ ಎಂಬ ಮಾತು ಎಲ್ಲ ಕಡೆ ಓಡಾಡಿತು, ನೆನಪಿದೆಯೇ? ಇ484ಕ್ಯೂ ಮತ್ತು ಎಲ್452ಆರ್ ಎಂಬ ಎರಡು ಬದಲಾವಣೆ ಒಟ್ಟಿಗೆ ಕಂಡಿದ್ದಕ್ಕೆ ಆ ಹೆಸರು. ಆ ವೈರಸ್‌ನಲ್ಲಿ ಬೇರೆ ಬದಲಾವಣೆಗಳೂ ಇದ್ದವು, ಎರಡೇ ಅಲ್ಲ. ನಾವು ಪತ್ರಿಕೆಯವರು ಅದಕ್ಕೆ ‘ದುಪ್ಪಟ್ಟು ರೂಪಾಂತರಿ’ ಎಂದು ಬರೆದೆವು. ಓದಿದವರು ದುಪ್ಪಟ್ಟು ಅಪಾಯ ಎಂದುಕೊಂಡರು. ಅವರ ತಪ್ಪೇನೂ ಇಲ್ಲ.

ಮನೆತನದ ಹೆಸರು: ಪಹಣಿ ಓದಲು ಬಂದರೆ ಇದೂ ಬರುತ್ತದೆ

ಬಿ.1.617.2 ಎಂಬಂಥ ಹೆಸರುಗಳು ಲಿನಿಯೇಜ್, ಎಂದರೆ ವಂಶದ ಹೆಸರುಗಳು. ಓದುವುದು ಸರ್ವೆ ನಂಬರಿನ ಹಿಸ್ಸೆ ಓದಿದ ಹಾಗೆ. ಬಿ ಎಂಬ ದೊಡ್ಡ ಜಮೀನಿನ 1ನೇ ಹಿಸ್ಸೆ, ಅದರೊಳಗೆ 617, ಅದರೊಳಗೆ 2. ಎಡಗಡೆ ಅಜ್ಜ, ಬಲಗಡೆ ಮೊಮ್ಮಗ. ಬಿ.1.617.1 ಮತ್ತು ಬಿ.1.617.2 ಅಣ್ಣತಮ್ಮಂದಿರು. ಮೊದಲನೆಯದು ಕಪ್ಪಾ, ಎರಡನೆಯದು ಡೆಲ್ಟಾ. ಊರೆಲ್ಲ ಓಡಾಡಿದವನು ತಮ್ಮ, ಅಣ್ಣನ ಹೆಸರು ಯಾರಿಗೂ ನೆನಪಿಲ್ಲ.

ಚುಕ್ಕಿಗಳು ಉದ್ದವಾಗುತ್ತ ಹೋದರೆ ಹೊಸ ಅಕ್ಷರ ಕೊಟ್ಟು ಗಿಡ್ಡ ಮಾಡುತ್ತಾರೆ. ಒಮಿಕ್ರಾನ್‌ನ ಬಿಎ.2 ಎಂದರೆ ಬಿ.1.1.529.2 ಎಂದೇ. ಅದು ಹೊಸ ಮನೆತನ ಅಲ್ಲ. ಎಕ್ಸ್‌ನಿಂದ ಶುರುವಾದರೆ ಮಾತ್ರ ಬೇರೆ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಿಸ್ಸೆ ನಂಬರ್ ನೋಡಿ ಅಲ್ಲಿ ಅಡಿಕೆ ಇದೆಯೋ ಭತ್ತ ಇದೆಯೋ ಹೇಳಲು ಆಗುವುದಿಲ್ಲ, ಅಲ್ವಾ? ಇಲ್ಲೂ ಹಾಗೆ. ವಂಶದ ಹೆಸರು ಹುಟ್ಟನ್ನು ಹೇಳುತ್ತದೆ, ಗುಣವನ್ನಲ್ಲ. ಹೊಸ ನಂಬರ್ ಬಂದ ಮಾತ್ರಕ್ಕೆ ರೋಗ ಜೋರಾಗಿದೆ ಎಂದು ಬರೆಯುವಂತಿಲ್ಲ.

ಕ್ಲೇಡ್ ಎಂಬ ಮಾತೂ ಬರುತ್ತದೆ. ಒಬ್ಬ ಮೂಲಪುರುಷ, ಅವನ ಎಲ್ಲ ಸಂತತಿ ಸೇರಿದ ಇಡೀ ಕೊಂಬೆ. ‘ಕವಲು’ ಎಂದರೆ ಚೆನ್ನಾಗಿ ಒಪ್ಪುತ್ತದೆ. ಎಂಪಾಕ್ಸ್ (ಹಿಂದೆ ಮಂಕಿಪಾಕ್ಸ್ ಎನ್ನುತ್ತಿದ್ದರು) ವೈರಸ್‌ನ ಕವಲುಗಳನ್ನು ಹಿಂದೆ ಕಾಂಗೋ ಕಣಿವೆ, ಪಶ್ಚಿಮ ಆಫ್ರಿಕಾ ಎಂದು ಊರಿನ ಹೆಸರಲ್ಲಿ ಕರೆಯುತ್ತಿದ್ದರು. 2022ರಲ್ಲಿ ಒಂದು, ಎರಡು ಎಂದು ಬದಲಿಸಿದರು.

ಹಾಗಾದರೆ ತಳಿ ಎಂದು ಯಾವಾಗ ಬರೆಯಬಹುದು?

ಮಲೆನಾಡಿನ ಬೆಳೆಗಾರರಿಗೆ ತಳಿ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಸಾಗರ ಲೋಕಲ್, ತೀರ್ಥಹಳ್ಳಿ ಲೋಕಲ್, ಮಂಗಳ ಇವೆಲ್ಲ ಅಡಿಕೆಯ ತಳಿಗಳು. ಇಳುವರಿ, ಕಾಯಿಯ ಗಾತ್ರ, ಮರದ ಎತ್ತರ, ಏನಾದರೂ ಒಂದು ಗುಣ ಬೇರೆ ಇದೆ. ಆ ಗುಣ ಪೀಳಿಗೆಯಿಂದ ಪೀಳಿಗೆಗೆ ಉಳಿಯುತ್ತದೆ. ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ಗಿಡ್ಡ ಅಡಿಕೆ ಸಿಕ್ಕಿತಲ್ಲ, ಅದು ತಾನಾಗಿ ಆದ ಮ್ಯುಟೇಶನ್. ಅದರ ಗಿಡ್ಡತನ ಸಂತತಿಗೂ ಬರುತ್ತದೆ ಎಂದು ಗೊತ್ತಾದ ಮೇಲೆಯೇ ‘ಹಿರೇಹಳ್ಳಿ ಡ್ವಾರ್ಫ್’ ಎಂದು ಕರೆದು, ಸುಮಂಗಳದಂಥ ತಳಿಗಳ ಜೊತೆ ಕೂಡಿಸಿ ಗಿಡ್ಡ ಹೈಬ್ರಿಡ್ ಮಾಡಿದರು. ಒಂದು ಮರದ ಸೋಗೆ ಸೊಟ್ಟಗಾಯಿತು ಎಂದು ಯಾರೂ ಹೊಸ ತಳಿ ಎಂದು ಸಸಿ ಮಾರುವುದಿಲ್ಲ.

ವೈರಸ್‌ಗೂ ಇದೇ ಅಳತೆ ಇಟ್ಟುಕೊಳ್ಳಿ. ಹರಡುವ ವೇಗ, ರೋಗದ ತೀವ್ರತೆ, ಲಸಿಕೆಗೆ ಬಗ್ಗುವುದು ಬಗ್ಗದಿರುವುದು, ಯಾವ ಪ್ರಾಣಿಯಲ್ಲಿ ಬದುಕುತ್ತದೆ ಎಂಬುದು. ಇವುಗಳಲ್ಲಿ ಒಂದಾದರೂ ಬೇರೆ ಎಂದು ತೋರಿಸಿದ್ದರೆ ತಳಿ ಎನ್ನಬಹುದು. ಇಲ್ಲದಿದ್ದರೆ ರೂಪಾಂತರಿ ಸಾಕು. ಒಂದು ತೊಡಕಿದೆ. ಪ್ರಯೋಗಾಲಯದವರು ಬೆಳೆಸಿ, ನಂಬರ್ ಕೊಟ್ಟು, ಫ್ರೀಜರಿನಲ್ಲಿಟ್ಟ ಒಂದೊಂದು ಮಾದರಿಗೂ ಸ್ಟ್ರೇನ್ ಎನ್ನುತ್ತಾರೆ, ನಾವು ತಳಿ ಎಂದು ಕನ್ನಡಕ್ಕೆ ತರುವುದು ಈ ಮಾತನ್ನೇ. ಪಿ9605 ಕೂಡ ಆ ಅರ್ಥದಲ್ಲಿ ಸ್ಟ್ರೇನ್. ಅವರ ವರದಿಯಲ್ಲಿ ‘ಹೊಸ ಸ್ಟ್ರೇನ್’ ಕಂಡರೆ ಅದು ಬರೀ ಹೊಸ ಮಾದರಿ ಇರಬಹುದು. ನಾನು ಜಾರಿ ಬಿದ್ದದ್ದು ಇಲ್ಲೇ.

ಹೊಸ ಜಾಗದಲ್ಲಿ ಕಂಡಿತು ಎಂದರೂ ತಳಿ ಹೊಸದಾಗುವುದಿಲ್ಲ. ಮಂಗನ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ ಕಂಡಿತು, ಆಮೇಲೆ ವಯನಾಡ್, ಗೋವಾ, ಸಿಂಧುದುರ್ಗ ಎಂದು ಘಟ್ಟದುದ್ದಕ್ಕೂ ಸುದ್ದಿಯಾಯಿತು. ಜಾಗ ಹೊಸದು. ಅಷ್ಟೇ ಬರೆಯಿರಿ.

ಡೆಂಗಿಯ ನಾಲ್ಕು ‘ಟೈಪ್’ಗಳನ್ನೂ ಇದರ ಜೊತೆ ಕಲಸಬೇಡಿ. ಅವು ಸಿರೋಟೈಪ್, ನಮ್ಮ ರಕ್ತದ ಪ್ರತಿಕಾಯ ಯಾವುದನ್ನು ಗುರುತಿಸುತ್ತದೆ ಎಂಬುದರ ಮೇಲೆ ಮಾಡಿದ ವಿಂಗಡಣೆ. ನಿನ್ನೆ ಮೊನ್ನೆ ಹುಟ್ಟಿದವಲ್ಲ.

‘ಕೊಂಡಿತು’ ಎಂಬ ಕ್ರಿಯಾಪದ

ಇದು ಕನ್ನಡದಲ್ಲಿ ಬರೆಯುವವರಿಗಾಗಿಯೇ. ‘ವೈರಸ್ ತನ್ನ ರೂಪ ಬದಲಿಸಿಕೊಂಡಿತು’ ಎಂದು ಬರೆಯುತ್ತೇವೆ. ಬದಲಿಸಿ‘ಕೊಂಡಿತು’ ಎಂದ ಕೂಡಲೇ ಅದಕ್ಕೊಂದು ಉದ್ದೇಶ ಬಂತು. ವೈರಸ್ ಕೂತು ಯೋಚಿಸಿ, ಲಸಿಕೆ ತಪ್ಪಿಸಲು ವೇಷ ಹಾಕಿದ ಹಾಗೆ ಕೇಳಿಸುತ್ತದೆ. ಆಗುವುದು ಹಾಗಲ್ಲ. ವೈರಸ್ ನಕಲಾಗುವಾಗ ಕೈತಪ್ಪುಗಳು ಸುಮ್ನೆ ಆಗುತ್ತವೆ. ಹೆಚ್ಚಿನವು ವ್ಯರ್ಥ. ಯಾವುದೋ ಒಂದರಿಂದ ಹರಡಲು ಅನುಕೂಲವಾದರೆ ಅದರ ಸಂತತಿ ಜಾಸ್ತಿಯಾಗುತ್ತದೆ. ‘ವೈರಸ್‌ನಲ್ಲಿ ಬದಲಾವಣೆ ಆಗಿದೆ’ ಎಂದು ಬರೆದರೆ ಸಾಕು. ‘ಕೊಳ್ಳು’ವನ್ನು ಬಿಟ್ಟರೆ ಅರ್ಧ ಗಾಬರಿ ತಾನೇ ಇಳಿಯುತ್ತದೆ.

ಕಲಬೆರಕೆಯೋ, ಕೈತಪ್ಪೋ?

ಒಂದೇ ಪ್ರಾಣಿಯ ಮೈಯಲ್ಲಿ ಎರಡು ವೈರಸ್ ಒಟ್ಟಿಗೆ ಸೇರಿದರೆ ದೊಡ್ಡ ಬದಲಾವಣೆ ಒಂದೇ ಏಟಿಗೆ ಆಗಬಹುದು. ಒಂದು ಪುಸ್ತಕದ ಮೊದಲರ್ಧಕ್ಕೆ ಇನ್ನೊಂದರ ಕೊನೆಯರ್ಧ ಸೇರಿಸಿ ಹೊಲಿದಂತಾದರೆ ರೀಕಾಂಬಿನೇಷನ್. ಕೋವಿಡ್ ವಂಶದ ಹೆಸರು ಎಕ್ಸ್‌ನಿಂದ ಶುರುವಾದರೆ ಇದೇ ಅರ್ಥ. ಎಕ್ಸ್‌ಬಿಬಿ ಒಮಿಕ್ರಾನ್‌ನ ಎರಡು ಶಾಖೆಗಳು ಸೇರಿ ಆದದ್ದು.

ಫ್ಲೂ ವೈರಸ್‌ನ ಕಥೆ ಬೇರೆ. ಅದರ ಬರಹ ಎಂಟು ಬಿಡಿ ತುಂಡುಗಳಲ್ಲಿದೆ. ಎರಡು ಕಟ್ಟು ಇಸ್ಪೀಟನ್ನು ಕಲಸಿ ಹಂಚಿದ ಹಾಗೆ ತುಂಡುಗಳು ಅದಲುಬದಲಾಗುತ್ತವೆ. ಇದು ರೀಅಸಾರ್ಟ್‌ಮೆಂಟ್. ಕ್ಯಾಸನೂರಿನಲ್ಲಿ ಮಂಗಗಳು ಸತ್ತ ಅದೇ 1957ರಲ್ಲಿ ಪ್ರಪಂಚಕ್ಕೆಲ್ಲ ಹಬ್ಬಿದ ‘ಏಷ್ಯನ್ ಫ್ಲೂ’ ಹೀಗೆ ಹುಟ್ಟಿದ್ದು. ಎಂಟರಲ್ಲಿ ಮೂರು ತುಂಡು ಹಕ್ಕಿಜ್ವರದ ವೈರಸ್‌ನಿಂದ ಬಂದಿದ್ದವು. ಇಂಥ ದೊಡ್ಡ ನೆಗೆತಕ್ಕೆ ಶಿಫ್ಟ್ ಎನ್ನುತ್ತಾರೆ, ವರ್ಷ ವರ್ಷವೂ ಆಗುವ ಸಣ್ಣ ಜಾರಿಕೆಗೆ ಡ್ರಿಫ್ಟ್. ಮಂಗನ ಕಾಯಿಲೆಯ ವೈರಸ್‌ನದು ಒಂದೇ ಉದ್ದನೆಯ ಎಳೆ. ಅಲ್ಲಿ ಇಸ್ಪೀಟು ಕಲಸುವ ಆಟ ಇಲ್ಲ.

ಹೆಸರು ಹಾಕುವಾಗ

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊಸ ರೋಗಗಳಿಗೆ ಊರು, ವ್ಯಕ್ತಿ, ಪ್ರಾಣಿಯ ಹೆಸರು ಬೇಡ ಎಂದಿತು. 2021ರ ಮೇ 31ರಂದು ಕೋವಿಡ್ ರೂಪಾಂತರಿಗಳಿಗೆ ಗ್ರೀಕ್ ಅಕ್ಷರ ಕೊಟ್ಟಿತು. ಅಷ್ಟರಲ್ಲಿ ‘ಭಾರತದ ತಳಿ’ ಎಂಬ ಮಾತು ನಮ್ಮನ್ನೆಲ್ಲ ಚುಚ್ಚಿತ್ತು. ಆದ್ದರಿಂದ ‘ಕೇರಳ ತಳಿ’, ‘ಶಿವಮೊಗ್ಗ ತಳಿ’ ಎಂದೆಲ್ಲ ನಾವೂ ಬರೆಯಬಾರದು. ನಮ್ಮದಕ್ಕಂತೂ ಎರಡೂ ಅಂಟಿಬಿಟ್ಟಿವೆ. ಇಂಗ್ಲಿಷಿನಲ್ಲಿ ಕ್ಯಾಸನೂರು ಎಂಬ ಊರು, ಕನ್ನಡದಲ್ಲಿ ಮಂಗ. ಕಚ್ಚುವುದು ಉಣುಗು, ಸಾಯುವುದು ಮಂಗ, ಕೆಟ್ಟ ಹೆಸರೂ ಮಂಗನಿಗೇ. ಕೆಪ್ಪಟೆ ಊದುವ ಮಂಗನ ಬಾವನ್ನು ಇದರ ಜೊತೆ ಸೇರಿಸಿ ಮಾತಾಡುವವರನ್ನೂ ಕಂಡಿದ್ದೇನೆ. ಅದು ಪೂರಾ ಬೇರೆ ವೈರಸ್.

ಇಷ್ಟೂ ಪ್ರಶ್ನೆ ಕೇಳಿಕೊಂಡು ನನ್ನ ಹಳೆಯ ಶೀರ್ಷಿಕೆಯನ್ನು ಈಗ ತಿದ್ದಿದರೆ ಹೀಗಾಗುತ್ತದೆ: ‘ಮಂಗನ ಕಾಯಿಲೆ ವೈರಸ್: 1957ರ ಮಾದರಿಗಿಂತ ಕೆಲವು ಅಕ್ಷರ ಬದಲು, ಗುಣ ಬದಲಾದ ಪುರಾವೆ ಇಲ್ಲ’. ಎರಡು ಕಾಲಂನಲ್ಲಿ ಹಿಡಿಸುವುದಿಲ್ಲ. ಮೂರು ಕಾಲಂ ಕೇಳಿ. ಕೊಡದಿದ್ದರೆ ಒಳಪುಟಕ್ಕೆ ಹಾಕಿ.